ಮೇಲಿನ ಸಾಲಿನವರು

ಗಂಡನ ಹೆಸರು ಹೇಳದ ಹೆಂಗಸರಿಂದಾಗಿ ನಾನು ಕಾಂಬೊ ಬಾಕ್ಸ್ ಬಿಟ್ಟು ಲಿಸ್ಟ್ ಬಾಕ್ಸ್ ಹಿಡಿದೆ. ಹೊಸೂರಿನ ನನ್ನ ಹಳೇ ಕಾರ್ಖಾನೆಯವರ ಮುಂದೆ ಇದನ್ನು ಹೇಳಿದರೆ ನಗುತ್ತಾರೆ. ಅಲ್ಲಿ ನಾನು ಬಹಳ ವರ್ಷ ಸ್ಟೋರ್ಸ್‌ನಲ್ಲಿದ್ದೆ. ನಟ್ಟು, ಬೋಲ್ಟು, ಬೇರಿಂಗು ಯಾವ ರ‍್ಯಾಕಿನಲ್ಲಿದೆ ಎಂದು ಹುಡುಕುವುದಕ್ಕೆ ಕಂಪ್ಯೂಟರಿನಲ್ಲಿ ಡೇಟಾಬೇಸ್ ಮಾಡಿ, ಅದರ ಮೇಲೆ ಸಣ್ಣ ಸಣ್ಣ ಫಾರಂ ಕಟ್ಟುವುದನ್ನು ಕಲಿತದ್ದು ಅಲ್ಲೇ. ನಟ್ಟಿಗೆ ಹೆಂಡತಿ ಇರುವುದಿಲ್ಲ. ಅದರ ಹೆಸರು ಹೇಳಲು ಯಾರಿಗೂ ನಾಚಿಕೆಯೂ ಇಲ್ಲ.

ಕಾರ್ಖಾನೆ ಬಿಟ್ಟ ಮೇಲೆ ಡೆಂಕಣಿಕೋಟೆ ಹತ್ತಿರದ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ಕಾರ್ಡು ನೋಡುವ ಕೆಲಸಕ್ಕೆ ಸೇರಿದೆ. ವಾರಕ್ಕೆ ಎರಡು ದಿನ ಡಾಕ್ಟರು ಬರುತ್ತಾರೆ. ಮಿಕ್ಕ ದಿನ ನಾನು ಮತ್ತು ಒಬ್ಬಳು ನರ್ಸು, ಇಬ್ಬರೇ. ಬಿಪಿ, ಸಕ್ಕರೆ ಕಾಯಿಲೆ, ಮೂರ್ಛೆರೋಗ ಇರುವವರಿಗೆ ತಿಂಗಳಿಗೊಮ್ಮೆ ಮಾತ್ರೆ ಕೊಡುವುದೇ ನಮ್ಮ ದೊಡ್ಡ ಕೆಲಸ. ಮೊದಲು ಅದಕ್ಕೊಂದು ಉದ್ದನೆಯ ನೋಟ್ ಪುಸ್ತಕವಿತ್ತು, ಅಕ್ಷರದ ಕ್ರಮದಲ್ಲಿ ಹೆಸರು ಬರೆದದ್ದು. ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನಾನೇ ಕಂಪ್ಯೂಟರಿಗೆ ಏರಿಸಿ, ಕಾಂಬೊ ಬಾಕ್ಸ್ ಇಟ್ಟೆ. ಹೆಸರಿನ ಎರಡು ಅಕ್ಷರ ಹೊಡೆದರೆ ಪಟ್ಟಿ ಕೆಳಗೆ ಬೀಳುತ್ತದೆ, ಆರಿಸಿದರೆ ಆ ರೋಗಿಯ ಕಾರ್ಡು ಬರುತ್ತದೆ. ಚೆನ್ನಾಗಿತ್ತು, ಹೆಸರು ಹೇಳುವವರಿದ್ದಿದ್ದರೆ.

"ಯಾರಿಗಮ್ಮಾ ಮಾತ್ರೆ?"

"ನಮ್ಮನೆಯವ್ರಿಗೆ."

"ಹೆಸರೇನು?"

"ಅಯ್ಯೋ, ಅದೆಂಗ್ ಹೇಳಾಕಾಯ್ತದೆ ತಾಯಿ? ನಿಂಗೊತ್ತಲ್ಲ."

"ನಂಗೇನ್ ಗೊತ್ತು? ನಿನ್ ಮದ್ವೆಗೆ ನಾನ್ ಬಂದಿದ್ನಾ?"

"ಏಳು ಬೆಟ್ಟದ್ ಮ್ಯಾಲೆ ನಿಂತವ್ನಲ್ಲ, ಆಯಪ್ಪಂದೇ ಹೆಸ್ರು."

ಆಯಪ್ಪನ ಹೆಸರಿನವರು ನಮ್ಮ ಪಟ್ಟಿಯಲ್ಲಿ ಒಂದು ಡಜನ್ ಜನ ಇದ್ದರು. ಗಂಡಸರು ಹೊಲಕ್ಕೋ ಫ್ಯಾಕ್ಟರಿಗೋ ಹೋಗಿರುತ್ತಾರೆ, ಮಾತ್ರೆಗೆ ಬರುವವರು ಹೆಂಡತಿಯರು. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ನಮ್ಮವ್ವನೂ ಸಾಯುವ ತನಕ ಹೇಳಲಿಲ್ಲ. ನಾನು ಹೇಳುತ್ತೇನೆ, ಬೀದಿಗೆ ಕೇಳುವ ಹಾಗೆ ಕೂಗಿ ಹೇಳುತ್ತೇನೆ. ನನ್ನ ಗಂಡ ಗುಂಡುಕಲ್ಲಿನ ಹಾಗಿದ್ದಾರೆ. "ಇದೆಲ್ಲ ಯಾವ ಕಾಲದ್ದೇ?" ಎಂದು ಬೈದು ಬೈದು ಸಾಕಾಗಿ, ಕೊನೆಗೆ ನಾನೇ ಸೋತೆ.

ಲಿಸ್ಟ್ ಬಾಕ್ಸ್ ಅಂದರೆ ಮುಚ್ಚಿಕೊಳ್ಳದ ಪಟ್ಟಿ. ತೆರೆದೇ ಇರುತ್ತದೆ, ಎಲ್ಲ ಹೆಸರೂ ಸಾಲಾಗಿ ಕಾಣುತ್ತವೆ. ಸ್ಕ್ರೀನನ್ನು ಕಿಟಕಿಯ ಕಡೆ ತಿರುಗಿಸಿಟ್ಟೆ. ಹೇಳಬೇಡಿ, ಬೆರಳಿಟ್ಟು ತೋರಿಸಿ ಅಂದೆ. ನಮ್ಮದು ತಮಿಳುನಾಡಿನ ಗಡಿ, ಅಕ್ಷರ ತಮಿಳಿನದು, ಬಂದವರಲ್ಲಿ ಮುಕ್ಕಾಲು ಜನಕ್ಕೆ ತಮಿಳೂ ಓದಲು ಬಾರದು, ಕನ್ನಡವೂ ಬಾರದು. ಆದರೂ ಎರಡು ತಿಂಗಳಲ್ಲಿ ಅವರಿಗೆ ಜಾಗ ಗೊತ್ತಾಯಿತು. "ಕೆಳಗಿಂದ ಎರಡ್ನೇದು", "ಆ ಉದ್ದುಕ್ಕೈತಲ್ಲ, ಅದ್ರ ಪಕ್ಕದ್ದು" ಎಂದು ಬೆರಳಿಡುವರು. ನಾನು ಊರು, ವಯಸ್ಸು ಕೇಳಿ ತಾಳೆ ನೋಡಿ ಒತ್ತುವೆನು.

ಒಬ್ಬಳನ್ನು ಮಾತ್ರ ನಾನು ಏನೂ ಕೇಳುತ್ತಿರಲಿಲ್ಲ. ಜವಳಗಿರಿ ಕಡೆಯ ಒಂದು ಹಟ್ಟಿಯಿಂದ ಮೊದಲ ಬಸ್ಸಿಗೆ ಬರುವವಳು, ಐವತ್ತರ ಮೇಲಿನ ಹೆಂಗಸು, ಸಣ್ಣ ಮೈ, ಕೈಬೆರಳಲ್ಲಿ ಯಾವಾಗಲೂ ಅರಿಶಿನ. ಅವಳ ಗಂಡನಿಗೆ ಮೂರ್ಛೆರೋಗ. ಆತ ಬಂದದ್ದು ಒಂದೇ ಸಲ, ಕಾರ್ಡು ಮಾಡಿಸಲು. ಒಮ್ಮೆ ಒಲೆಯ ಮೇಲೆ ಬಿದ್ದು ಎಡ ಹುಬ್ಬಿನ ಮೇಲೆ ಸುಟ್ಟ ಗಾಯದ ಗುರುತಿತ್ತು. ಹೆಸರು ತಮಿಳಿನ ಮೊದಲ ಅಕ್ಷರದಿಂದ ಶುರುವಾಗುವುದರಿಂದ ನೋಟ್ ಪುಸ್ತಕದಲ್ಲೂ ಆತನೇ ಮೊದಲು, ನಾನು ಕಂಪ್ಯೂಟರಿಗೆ ಏರಿಸಿದ್ದೂ ಆತನನ್ನೇ ಮೊದಲು, ಪಟ್ಟಿಯಲ್ಲೂ ಆತನದೇ ಮೇಲಿನ ಸಾಲು.

"ನಮ್ಮೋರು ಎಲ್ಲಾರ್ಗಿಂತ ಮ್ಯಾಲವ್ರೆ," ಎಂದು ಹೆಮ್ಮೆಯಿಂದ ಬೆರಳಿಡುವಳು. ಗಾಜಿನ ಮೇಲೆ ಅರಿಶಿನದ ಸಣ್ಣ ಚುಕ್ಕೆ ಉಳಿಯುತ್ತಿತ್ತು. ಮೊದಮೊದಲು ಒರೆಸುತ್ತಿದ್ದೆ, ಆಮೇಲೆ ಬಿಟ್ಟುಬಿಟ್ಟೆ. ಅವಳು ಬೆರಳಿಟ್ಟರೆ ಸಾಕು, ನಾನು ಪಟ್ಟಿ ನೋಡದೆಯೇ ಒತ್ತುತ್ತಿದ್ದೆ. ಹೀಗೆ ಒಂದೂವರೆ ವರ್ಷ ನಡೆಯಿತು.

ಡಾಕ್ಟರಿಗೆ ಈ ಉದ್ದ ಪಟ್ಟಿ ಹಿಡಿಸಲಿಲ್ಲ. ತಮಗೆ ಹೆಸರು ಹೊಡೆದು ಹುಡುಕುವ ಬಾಕ್ಸೇ ಬೇಕೆಂದು ಹಟ ಮಾಡಿದರು. ಹೊರಗೆ ಜನ ಕಾಯುತ್ತಿದ್ದರು. ನನಗೆ ಸಿಟ್ಟೂ ಬಂದಿತ್ತು. ಕಾರ್ಡಿನಲ್ಲಿ ಹೆಸರು ಬರೆಯುವ ಖಾನೆಯನ್ನೇ ಎಳೆದು ತಂದು ಫಾರಂನ ತಲೆಯ ಮೇಲೆ ಕೂರಿಸಿ, ಅದನ್ನೇ ಕಾಂಬೊ ಬಾಕ್ಸಾಗಿ ಬದಲಾಯಿಸಿ, "ತಗೊಳ್ಳಿ ಸಾರ್" ಅಂದೆ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷಕ್ಕೆ ಆಮೇಲೆ ನನ್ನನ್ನೇ ನಾನು ಎಷ್ಟು ಬೈದುಕೊಂಡೆನೋ ಲೆಕ್ಕವಿಲ್ಲ.

ಆ ವಾರವೇ ಡೆಂಕಣಿಕೋಟೆಯಲ್ಲಿ ನಮ್ಮ ಒಬ್ಬ ವಯಸ್ಸಾದ ಬಿಪಿ ರೋಗಿ ತೀರಿಕೊಂಡರು. ಡಾಕ್ಟರು ಫಾರಂ ತೆರೆದು, ಹೊಸ ಬಾಕ್ಸಿನಲ್ಲಿ ಆ ಮುದುಕರ ಹೆಸರು ಆರಿಸಿ, ಕೆಳಗಿನ 'ತೀರಿಕೊಂಡರು' ಎಂಬ ಚೌಕದಲ್ಲಿ ಟಿಕ್ ಹಾಕಿದರು. ಹಾಗೆ ಟಿಕ್ ಬಿದ್ದವರು ಪಟ್ಟಿಯಿಂದ ತಾವಾಗಿ ಮರೆಯಾಗುವಂತೆ ಮಾಡಿದ್ದೆ. "ಮುಡಿಂಜಿದುಮಾ," ಮುಗೀತಮ್ಮಾ, ಎಂದು ತಮಿಳಿನಲ್ಲಿ ಹೇಳಿ ಕಾರು ಹತ್ತಿದರು.

ಮಾರನೇ ಬೆಳಿಗ್ಗೆ ಮಾತ್ರೆ ಡಬ್ಬಿ ಜೋಡಿಸುತ್ತಿದ್ದ ನರ್ಸು ಸ್ಕ್ರೀನ್ ನೋಡಿ ನಿಂತುಬಿಟ್ಟಳು. ಉದ್ದನಪಲ್ಲಿಯ ಹುಡುಗಿ, ಧೈರ್ಯಸ್ಥೆ, ಹೆಣ ಒರೆಸುವುದಕ್ಕೂ ಹೆದರುವವಳಲ್ಲ.

"ಅಕ್ಕಾ, ಇವ್ರು ಹೋಗಿಲ್ಲ."

"ಯಾರೇ?"

"ಸತ್ತೋದ್ರಲ್ಲ, ಅವ್ರು. ಇನ್ನೂ ಇಲ್ಲೇ ಅವ್ರೆ ನೋಡು."

ನೋಡಿದೆ. ಮುದುಕರ ಹೆಸರು ಪಟ್ಟಿಯ ನಡುವೆ ಹಾಗೇ ಕೂತಿತ್ತು. ಒತ್ತಿದರೆ ಕಾರ್ಡು ಬಂತು, ಟಿಕ್ ಇರಲಿಲ್ಲ. ಡಾಕ್ಟರು ಟಿಕ್ ಹಾಕಿದ್ದನ್ನು ನಾವಿಬ್ಬರೂ ಕಣ್ಣಾರೆ ನೋಡಿದ್ದೆವು. "ಮೌಸು ಜಾರಿರ್ತದೆ, ನೀನೊಬ್ಳು" ಎಂದು ಗದರಿ ನಾನೇ ಟಿಕ್ ಹಾಕಿದೆ, ಹೆಸರು ಮರೆಯಾಯಿತು. ಇರಲಿ ಎಂದು ತೀರಿಕೊಂಡವರ ಪಟ್ಟಿ ತೆರೆದೆ. ಅಲ್ಲಿ ಆ ಹೆಸರು ಎರಡು ಸಲ ಇತ್ತು.

ನಮ್ಮ ಕಡೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ವಾಡಿಕೆ, ಒಂದೇ ಬೀದಿಯಲ್ಲಿ ಒಂದೇ ಹೆಸರಿನವರು ಮೂವರು ಇರುತ್ತಾರೆ. ಆದರೆ ಎರಡೂ ಕಾರ್ಡು ಮೊನ್ನೆ ಮೊನ್ನೆ ಸತ್ತವರಾಗಲು ಹೇಗೆ ಸಾಧ್ಯ? ಎಲ್ಲೋ ಎರಡು ಸಲ ಏರಿಸಿರಬೇಕು, ಒಂದನ್ನು ಅಳಿಸಿಬಿಡೋಣ ಎಂದು ಒಂದರ ಮೇಲೆ ಮೌಸ್ ಇಟ್ಟೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಸ್ಕ್ರೀನ್ ಕಪ್ಪಾಗಿ ಅದರಲ್ಲಿ ನಮ್ಮಿಬ್ಬರ ಮುಖ ಕಂಡಿತು, ನನ್ನ ಹಣೆಯ ನೇರಕ್ಕೆ ಅರಿಶಿನದ ಚುಕ್ಕೆ. ನರ್ಸು ಕೊರಳಿನ ತಾಯತ ಹಿಡಿದುಕೊಂಡಳು. ಕರೆಂಟ್ ಬಂದಾಗ ಹೊರಗೆ ಜನ ಸೇರಿದ್ದರು. ಅಳಿಸುವ ವಿಷಯ ಮರೆತೇ ಹೋಯಿತು.

ನಾಲ್ಕು ದಿನಕ್ಕೆ ಜವಳಗಿರಿ ಕಡೆಯ ಹೆಂಗಸು ಬಂದಳು. ಎಂದಿನಂತೆ ಮೇಲಿನ ಸಾಲಿಗೆ ಬೆರಳಿಟ್ಟವಳು ಥಟ್ಟನೆ ಕೈ ತೆಗೆದಳು.

"ತಣ್ಣಗೈತೆ ಕಣವ್ವಾ."

"ಗಾಜು ತಣ್ಣಗಿರದೆ ಕಾದಿರ್ತದಾ?"

"ಯಾವಾಗ್ಲೂ ಬೆಚ್ಚಗಿರ್ತಿತ್ತು."

ನಾನು ಒತ್ತಿದೆ. ಕಾರ್ಡು ಹೇಳಿದ ಮಾತ್ರೆಯನ್ನು ನರ್ಸು ಕವರಿಗೆ ಹಾಕಿದಳು. ಆ ಹೆಂಗಸು ಬಿಚ್ಚಿ ನೋಡಿ ಕೇಳಿದಳು, "ಇದ್ಯಾಕ್ ಬಿಳೀದು? ಅವ್ರದು ಹಳದಿ ಅಲ್ವಾ?"

"ಕಂಪ್ನಿ ಬೇರೆ ಕಣಮ್ಮಾ. ಒಂದೊಂದು ತಿಂಗ್ಳು ಒಂದೊಂದು ಬಣ್ಣ ಬರ್ತದೆ. ತಗೊಂಡೋಗು, ಬಸ್ ಹೋಗ್ತದೆ."

ಸುಳ್ಳಲ್ಲ, ಬಣ್ಣ ಬದಲಾಗುವುದುಂಟು. ಅವಳು ಬಾಗಿಲಲ್ಲಿ ನಿಂತು ಒಮ್ಮೆ ಸ್ಕ್ರೀನನ್ನು, ಒಮ್ಮೆ ನನ್ನನ್ನು ನೋಡಿ ಹೋದಳು. ಆ ನೋಟ ಈಗಲೂ ಬೆನ್ನಿಗೆ ಅಂಟಿಕೊಂಡಿದೆ.

ಇಪ್ಪತ್ತು ದಿನ ಕಳೆದಿರಬೇಕು. ಒಬ್ಬ ಬಿಪಿ ರೋಗಿ, ಊರಿಗೆ ಹೋಗಿದ್ದವರು, ತಡವಾಗಿ ಮಾತ್ರೆಗೆ ಬಂದರು. ಕಾರ್ಡು ತೆಗೆದರೆ ಈ ತಿಂಗಳದು ಕೊಟ್ಟಾಗಿದೆ ಎಂದು ತೋರಿಸಿತು. "ನಾನ್ ಬಂದೇ ಇಲ್ವಲ್ಲ ಮೇಡಂ," ಅಂದರು. ಕೊಟ್ಟ ದಿನ ನೋಡಿದೆ. ಆಮೇಲೆ ಪಟ್ಟಿಯಲ್ಲಿ ಅವರ ಹೆಸರು ಎಲ್ಲಿದೆ ಎಂದು ನೋಡಿದೆ. ಎಲ್ಲರಿಗಿಂತ ಮೇಲೆ, ಸರಿಯಾಗಿ ಅರಿಶಿನದ ಚುಕ್ಕೆಯ ಕೆಳಗೆ.

ಕೊಟ್ಟ ದಿನವೂ ಜವಳಗಿರಿ ಕಡೆಯ ಹೆಂಗಸು ಬಂದ ದಿನವೇ. ಮೂರ್ಛೆರೋಗದವನಿಗೆ ಇಪ್ಪತ್ತು ದಿನ ಬಿಪಿ ಮಾತ್ರೆ ನುಂಗಿಸಿದ್ದೆವು. ಹಾಗಾದರೆ ಆತನ ಕಾರ್ಡೆಲ್ಲಿ? ಆ ಹಟ್ಟಿಯ ಹೆಸರು ಹಾಕಿ ಹುಡುಕಿದರೆ ಇರುವವರ ಪಟ್ಟಿಯಲ್ಲಿ ಯಾರೂ ಇಲ್ಲ. ನರ್ಸು ಪಿಸುಗುಟ್ಟಿದಳು, "ಅಕ್ಕಾ, ಸತ್ತೋರಲ್ ನೋಡು."

ಇದ್ದ. ಐವತ್ತೆಂಟು ವರ್ಷ, ಮೂರ್ಛೆರೋಗ, ಎಡ ಹುಬ್ಬಿನ ಮೇಲೆ ಸುಟ್ಟ ಗುರುತು. ಎಲ್ಲ ಆತನದೇ, ಹೆಸರು ಮಾತ್ರ ಡೆಂಕಣಿಕೋಟೆಯಲ್ಲಿ ಸತ್ತ ಮುದುಕರದು. ಎರಡು ಸಲ ಇದ್ದ ಆ ಹೆಸರಿನಲ್ಲಿ ಒಂದು ಈತನೇ. ಅವತ್ತು ಕರೆಂಟ್ ಹೋಗದಿದ್ದರೆ ಅಳಿಸಿಯೇ ಬಿಡುತ್ತಿದ್ದೆನೋ ಏನೋ.

ತಪ್ಪು ನನಗೆ ಆಗ ಅರ್ಥವಾಯಿತು. ಹುಡುಕುವುದಕ್ಕೆ ಇಡುವ ಬಾಕ್ಸನ್ನು ಯಾವ ಖಾನೆಗೂ ಕಟ್ಟಿರಬಾರದು. ಅದು ಬರೀ ಕೇಳಬೇಕು, ಬರೆಯಬಾರದು. ನಾನು ಹೆಸರಿನ ಖಾನೆಯನ್ನೇ ಎಳೆದು ತಂದಿದ್ದೆ. ಫಾರಂ ತೆರೆದ ಕೂಡಲೇ ಮುಂದೆ ಬರುವುದು ಒಂದನೇ ಕಾರ್ಡು, ಅಂದರೆ ಈ ಮನುಷ್ಯನದು. ಡಾಕ್ಟರು ಮುದುಕರ ಹೆಸರು ಆರಿಸಿದಾಗ ಮುದುಕರ ಕಾರ್ಡು ಬರಲೇ ಇಲ್ಲ. ಆ ಹೆಸರು ಈತನ ಹೆಸರನ್ನು ಒರೆಸಿ ಅಲ್ಲಿ ಕೂತಿತು. ಟಿಕ್ ಬಿದ್ದದ್ದೂ ಈತನಿಗೇ. ಅಷ್ಟು ಹಟ ಮಾಡಿ ಹಾಕಿಸಿಕೊಂಡ ಬಾಕ್ಸನ್ನು ಡಾಕ್ಟರು ಮುಟ್ಟಿದ್ದು ಆ ಒಂದೇ ಸಲ. ಕಾರ್ಖಾನೆಯಲ್ಲಿ ಹೊಸಬರು ಹೀಗೆ ಮಾಡಿದರೆ ನಾನು ತಲೆಗೆ ಮೊಟಕುತ್ತಿದ್ದೆ.

"ಆತನ ಹೆಸರೇನೇ?" ಎಂದು ನರ್ಸನ್ನು ಕೇಳಿದೆ.

"ನಂಗೆಂಗ್ ಗೊತ್ತಕ್ಕಾ? ಆಯಮ್ಮ ಯಾವತ್ತು ಹೇಳವ್ಳೆ?"

ನೋಟ್ ಪುಸ್ತಕವನ್ನು ನಾನು ತೂಕಕ್ಕೆ ಹಾಕಿದ್ದೆ. ಪ್ರತಿ ಶನಿವಾರ ಪೆನ್‌ಡ್ರೈವ್‌ಗೆ ಹಳೆಯದರ ಮೇಲೆ ಹೊಸದನ್ನು ಹಾಕುತ್ತಿದ್ದೆ, ಅದರಲ್ಲೂ ಮುದುಕರ ಹೆಸರೇ. ಆತನ ನಿಜವಾದ ಹೆಸರನ್ನು ನಾನೇ ಏರಿಸಿದ್ದೆ, ಒಂದೂವರೆ ವರ್ಷ ತಿಂಗಳು ತಿಂಗಳೂ ಒತ್ತಿದ್ದೆ. ಮೊದಲ ಅಕ್ಷರ ಬಿಟ್ಟರೆ ಏನೂ ನೆನಪಾಗಲಿಲ್ಲ. ಅವಳು ಹೇಳಿರಲಿಲ್ಲ, ನಾನು ಓದಿರಲಿಲ್ಲ. ಅವತ್ತು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಡಾಕ್ಟರಿಗೆ ಫೋನ್ ಮಾಡಿದೆ. ಬಿಳಿ ಮಾತ್ರೆ ಈಗಲೇ ನಿಲ್ಲಿಸಿ, ಹಳದಿಯದು ತಗೊಂಡು ಹೊರಡಿ ಅಂದರು. ನರ್ಸಿನ ಸ್ಕೂಟರ್ ಹಿಂದೆ ಕೂತೆ. ಹನ್ನೊಂದು ಗಂಟೆಯ ಸುಡು ಬಿಸಿಲು. ಜವಳಗಿರಿ ರಸ್ತೆಯಲ್ಲಿ ಆನೆ ಲದ್ದಿ ಇನ್ನೂ ಹಸಿಯಾಗಿತ್ತು, ಅದಕ್ಕೆ ಹೆದರುವಷ್ಟು ಪುರುಸೊತ್ತು ನಮಗಿರಲಿಲ್ಲ. ಆತ ಬದುಕಿದ್ದಾನೋ ಇಲ್ಲವೋ, ದಾರಿಯುದ್ದಕ್ಕೂ ಅದೊಂದೇ ಯೋಚನೆ. ನನ್ನ ಪಟ್ಟಿಯಲ್ಲಿ ಸತ್ತು ಆಗಲೇ ಮೂರು ವಾರ ಮೀರಿತ್ತು.

ಆ ಹಟ್ಟಿಯಲ್ಲಿ ನಾಲ್ಕೇ ಮನೆ. ಗಂಡಸರ ಸುಳಿವಿಲ್ಲ, ನಾಯಿಯೂ ಬೊಗಳಲಿಲ್ಲ. ಹುರುಳಿ ಒಣಗಿಸುತ್ತಿದ್ದ ಹೆಂಗಸೊಬ್ಬಳು ಯಾರ ಮನೆ ಬೇಕೆಂದಳು. ನಮ್ಮ ಬಳಿ ಹೆಸರಿದ್ದರಲ್ಲವೇ ಹೇಳಲು! ಹುಬ್ಬಿನ ಮೇಲೆ ಸುಟ್ಟ ಗುರುತಿರುವವರು ಅಂದೆ.

"ಓ, ಅವ್ರಾ. ಹುಣ್ಸೆ ಮರದ್ ತಾವ."

"ಅವ್ರ ಹೆಸರೇನಮ್ಮಾ?"

"ನಾನು ಅವ್ರ ತಮ್ಮನ ಹೆಂಡ್ರು ಕಣಮ್ಮಾ. ಭಾವನೋರ್ ಹೆಸ್ರೂ ನಾನ್ ಹೇಳಂಗಿಲ್ಲ," ಎಂದು ಮೊರ ಎತ್ತಿಕೊಂಡಳು.

ಆತ ಜಗಲಿಯ ಮೇಲೆ ಕೂತಿದ್ದ, ಕಣ್ಣು ತೆರೆದೇ. ಹೆಂಡತಿ ಪಕ್ಕದಲ್ಲಿ ಬೀಸಣಿಗೆ ಹಿಡಿದಿದ್ದಳು. ನಮ್ಮನ್ನು ಕಂಡು ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಹೊತ್ತುಟ್ಟೋವಾಗ್ಲೇ ಮೂರ್ಛೆ ಬಂತು. ನಿಂತೋಯ್ತು. ಆದ್ರೆ ಇವ್ರು ಇನ್ನೂ ಬಂದಿಲ್ಲ," ಎಂದಳು. ಇಲ್ಲೇ ಕೂತವನನ್ನು ಬಂದಿಲ್ಲ ಅಂದದ್ದು ಕೇಳಿ ನರ್ಸು ನನ್ನ ತೋಳು ಹಿಡಿದಳು.

ಆಮೇಲೆ ವಿವರ ಹೇಳಿದಳು. ಪ್ರತಿ ಸಲ ಮೂರ್ಛೆ ನಿಂತ ಮೇಲೆ ಆತನ ಅಣ್ಣ ಬಂದು ಕಿವಿಯ ಹತ್ತಿರ ಹೆಸರು ಹಿಡಿದು ಮೂರು ಸಲ ಕೂಗುತ್ತಾನಂತೆ, ಮೂರನೆಯದಕ್ಕೆ ಆತ "ಆಂ" ಎಂದು ಓಗೊಟ್ಟು ತನ್ನ ಅರಿವಿಗೆ ಬರುತ್ತಾನಂತೆ. ಇವತ್ತು ಅಣ್ಣ ಕೃಷ್ಣಗಿರಿ ಮಂಡಿಗೆ ಹೋಗಿದ್ದಾನೆ. ಮನೆಯಲ್ಲಿರುವುದು ಹೆಂಗಸರು, ಯಾರೂ ಆ ಹೆಸರು ಎತ್ತುವ ಹಾಗಿಲ್ಲ. "ನೀನ್ ಬಂದ್ಯಲ್ಲ ತಾಯಿ, ನೀನು ಓದಿದೋಳು. ಕೂಗು. ನಿನ್ ಪಟ್ಟೀಲಿ ಐತಲ್ಲ ಹೆಸ್ರು."

ಏನೆಂದು ಕೂಗಲಿ? ಆತನ ಮುಂದೆ ಕೂತು, "ಅಣ್ಣಾ, ನಿಮ್ ಹೆಸರೇನು ಹೇಳಿ," ಎಂದೆ.

ಆತ ನನ್ನ ಕಡೆ ತಿರುಗಿದ. ಒಂದು ಚೂರೂ ತೊದಲದೆ ಹೆಸರು ಹೇಳಿದ. ಡೆಂಕಣಿಕೋಟೆಯಲ್ಲಿ ಸತ್ತ ಮುದುಕರ ಹೆಸರು.

ನರ್ಸು ಜಗಲಿಯಿಂದ ಇಳಿದು ಅಂಗಳಕ್ಕೆ ಓಡಿದಳು. "ಅದ್ಯಾರ್ ಹೆಸ್ರು?" ಎಂದು ಹೆಂಡತಿ ನನ್ನನ್ನು ಕೇಳಿದಳು. "ಯಾರ್ದೋ ಅದು, ನಿಮ್ದಲ್ಲ!" ಎಂದು ಗಂಡನ ಭುಜ ಹಿಡಿದು ಅಲುಗಾಡಿಸಿದಳು. ಆತ ಅವಳನ್ನೂ ಪರಕೀಯಳನ್ನು ನೋಡುವ ಹಾಗೆ ನೋಡಿದ.

"ಅಮ್ಮಾ, ನೀನೇ ಕರೀಬೇಕು," ಎಂದೆ. ಎಲ್ಲ ಹೇಳಿದೆ, ನನ್ನ ತಪ್ಪಿನಿಂದ ಆ ಹೆಸರು ಪಟ್ಟಿಯಲ್ಲಿ ಈಗಿಲ್ಲ, ನನಗೆ ಗೊತ್ತಿಲ್ಲ ಎಂದು. "ಗೊತ್ತಿರೋಳು ಇಲ್ಲಿ ನೀನೊಬ್ಳೇ."

"ನಾನಾ? ನಾನ್ ಕರದ್ರೆ ಅವ್ರು ಉಳೀತಾರಾ?"

"ಕರೀದಿದ್ರೆ?"

ಅವಳು ಬೀಸಣಿಗೆ ಕೆಳಗಿಟ್ಟಳು. ಆಮೇಲೆ ಅರಿಶಿನದ ಬೆರಳನ್ನು ಆತನ ಹುಬ್ಬಿನ ಗಾಯದ ಮೇಲಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಿವಿಗೆ ಬಾಗಿದಳು. ಏನು ಅಂದಳೋ ನನಗೆ ಕೇಳಲಿಲ್ಲ. ಒಂದು ಸಲ, ಎರಡು ಸಲ. ಮೂರನೆಯದಕ್ಕೆ ಆತ "ಆಂ" ಅಂದ. ಕಣ್ಣು ಉಜ್ಜಿಕೊಂಡು ನೀರು ಕೇಳಿದ. ನನ್ನನ್ನು ನೋಡಿ, "ಇವ್ರ್ಯಾರು?" ಎಂದ.

ಅಳು ಉಕ್ಕಿ ಬಂತು ನನಗೆ. ನರ್ಸು ವಾಪಸ್ ಬಂದು ಹಳದಿ ಮಾತ್ರೆ ನುಂಗಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಆತನನ್ನೇ ಹೆಸರು ಕೇಳಿ, ಪೆನ್ನಿನಲ್ಲಿ ಅಂಗೈ ಮೇಲೆ ಬರೆದುಕೊಂಡೆ. ಮುದುಕರ ಹೆಸರು ಹೇಳಿ, ಇವರು ಗೊತ್ತಾ ನಿಮಗೆ ಅಂದೆ. ಗೊತ್ತಿಲ್ಲ, ಕೇಳೇ ಇಲ್ಲ ಅಂದ. ಮೂರ್ಛೆ ಆದ ಮೇಲೆ ಮಂಕು ಕವಿದಿರುತ್ತದೆ, ಸಂತೆಯಲ್ಲೋ ಬಸ್ಸಿನಲ್ಲೋ ಕಿವಿಗೆ ಬಿದ್ದ ಯಾವುದಾದರೂ ಹೆಸರು ಬಾಯಿಗೆ ಬರಬಹುದು ಎಂದು ಆಮೇಲೆ ಡಾಕ್ಟರು ಹೇಳಿದರು. ಹಾಗೇ ಇರಬೇಕು. ಬೇರೆ ಏನಿರಲು ಸಾಧ್ಯ?

ನಾವು ಹೊರಟಾಗ ಆ ಹೆಂಗಸು ಸ್ಕೂಟರಿನ ತನಕ ಬಂದಳು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು.

"ಮೂರು ಸಲ ಹೇಳ್ಸುಬುಟ್ಟೆ ನನ್ ಕೈಲಿ. ಎಷ್ಟು ದಿನ ಕಮ್ಮಿ ಆಯ್ತೋ, ನಿನ್ ಮಿಷಿನ್ನ ಕೇಳಿ ಹೇಳು," ಅಂದಳು.

ಹೆಸರು ಬರೆದ ಅಂಗೈ ಮುಚ್ಚಿಕೊಂಡು ಸ್ಕೂಟರ್ ಹತ್ತಿದೆ.

ಅವತ್ತೇ ಕಾಂಬೊ ಬಾಕ್ಸನ್ನು ಖಾನೆಯಿಂದ ಬಿಡಿಸಿ ಬರೀ ಹುಡುಕುವಂತೆ ಮಾಡಿದೆ. ಅಂಗೈ ನೋಡಿ ಹೆಸರು ತುಂಬಿ, ಟಿಕ್ ತೆಗೆದೆ. ಆತ ಮತ್ತೆ ಮೇಲಿನ ಸಾಲಿಗೆ ಬಂದ. ಅವಳು ಈಗಲೂ ತಿಂಗಳಿಗೊಮ್ಮೆ ಮೊದಲ ಬಸ್ಸಿಗೆ ಬರುತ್ತಾಳೆ. ಬೆರಳಿಡುವ ಮುಂಚೆ "ಕೇಳಿದ್ಯಾ?" ಅನ್ನುತ್ತಾಳೆ. "ಇನ್ನೂ ಇಲ್ಲ ಕಣಮ್ಮಾ" ಅನ್ನುತ್ತೇನೆ. ಆ ಹೆಸರನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದ ತನಕ ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ಒತ್ತುತ್ತೇನೆ.

ಮನೆಯಲ್ಲಿ ನನ್ನ ಗಂಡನನ್ನು ಈಗ 'ರೀ' ಎಂದು ಕರೆಯುತ್ತೇನೆ. ಆ ದಿನದಿಂದ ಒಂದು ಸಲವೂ ಅವರ ಹೆಸರು ಹಿಡಿದು ಕೂಗಿಲ್ಲ.